ಸರಕಾರದ ಮಳೆ ಸುರಿಸುತ್ತಿದ್ದ ನಮ್ಮ ಮಾವ

ನನ್ನ ತಾಯಿಯ ತಮ್ಮ, ಅಂದರೆ ನನ್ನ ಸೋದರಮಾವ, ಬದುಕಿನ ಬಹುಭಾಗವನ್ನು ಮಳೆ ಸುರಿಸುವುದರಲ್ಲೇ ಕಳೆದರು. ಹೀಗೆಂದರೆ ಕೇಳಿದವರು ಮೊದಲು ನಗುತ್ತಾರೆ. ಮೇಷ್ಟರಾಗಿ ನಾನು ತರಗತಿಯಲ್ಲಿ ಹೇಳಿದಾಗ ಮಕ್ಕಳೂ ನಗುತ್ತಿದ್ದರು. ಆದರೆ ಇದರಲ್ಲಿ ಉತ್ಪ್ರೇಕ್ಷೆ ಏನೂ ಇಲ್ಲ. ಸರಕಾರಿ ಕೊಡೆ ಕಾರ್ಖಾನೆಯ ನೆನೆಸುವ ಕೋಣೆಯಲ್ಲಿ ನಲ್ಲಿಯ ಚಕ್ರ ತಿರುಗಿಸಿ ಮಳೆ ಬರಿಸುವುದೇ ಅವರ ಹುದ್ದೆಯಾಗಿತ್ತು. ಕಾರ್ಖಾನೆಯವರು ಅವರನ್ನು ಮಳೆರಾಯ ಎಂದು ಕರೆಯುತ್ತಿದ್ದರು. ನಾವು ಮಕ್ಕಳು ಮಳೆಮಾವ ಎನ್ನುತ್ತಿದ್ದೆವು.

ಆ ಕೋಣೆಯನ್ನು ನಾನು ಮೊದಲು ನೋಡಿದ್ದು ಅಕ್ಷರ ಕಲಿಯುವ ವಯಸ್ಸಿನಲ್ಲಿ. ಅಮ್ಮ ಕೊಟ್ಟ ಬುತ್ತಿಯನ್ನು ಮಾವನಿಗೆ ತಲುಪಿಸಲು ಹೋಗಿದ್ದೆ. ಕೋಣೆಯೆಂದರೆ ಅದು ಕೋಣೆಯಲ್ಲ, ನಮ್ಮ ಶಾಲೆಯನ್ನೇ ಒಳಗಿಟ್ಟು ಮುಚ್ಚಬಹುದಾದಷ್ಟು ದೊಡ್ಡ ಹಜಾರ. ಮೇಲೆ ತೊಲೆಗಳ ನಡುವೆ ತೂತು ಕೊರೆದ ಕೊಳವೆಗಳು. ಕೆಳಗೆ ಮರದ ಗೂಟಗಳಿಗೆ ಸಿಕ್ಕಿಸಿ ನಿಲ್ಲಿಸಿದ ಕಪ್ಪು ಕೊಡೆಗಳು, ಎಲ್ಲವೂ ಬಿಚ್ಚಿಕೊಂಡವು, ಸಾಲುಸಾಲಾಗಿ, ಕಣ್ಣು ಹಾಯುವವರೆಗೆ. ಒಂದು ಮನುಷ್ಯಜೀವಿಯೂ ಕೆಳಗಿಲ್ಲದ ಕೊಡೆಗಳು! ಜನರೆಲ್ಲ ಎಲ್ಲಿಗೋ ಹೋಗಿ, ಕೊಡೆಗಳಷ್ಟೇ ಮೆರವಣಿಗೆ ಬಂದು ದಣಿದು ನಿಂತ ಹಾಗೆ ಕಾಣುತ್ತಿತ್ತು.

ಮಾವ ನನ್ನನ್ನು ಕಲ್ಲಿನ ಕಟ್ಟೆಯ ಮೇಲೆ ಕೂರಿಸಿ, "ಯಾವ ಮಳೆ ಬೇಕು, ಹೇಳು. ತುಂತುರೋ, ಜಡಿಯೋ?" ಎಂದು ಕೇಳಿದರು.

"ತುಂತುರು, ಮಾವ."

ಅವರು ಗೋಡೆಯ ಕಬ್ಬಿಣದ ಚಕ್ರವನ್ನು ಒಂದಿಷ್ಟು ತಿರುಗಿಸಿದರು. ಕೊಳವೆಗಳೊಳಗೆ ಯಾರೋ ನಿಟ್ಟುಸಿರು ಬಿಟ್ಟಂತಾಯಿತು. ಆಮೇಲೆ ಸಣ್ಣಗೆ, ದೂರದಿಂದ ಬಂದ ಹಾಗೆ, ಬಟ್ಟೆಯ ಮೇಲೆ ಹನಿ ಬೀಳುವ ಸದ್ದು. ಎತ್ತರದ ಕಿಟಕಿಗಳಿಂದ ಬಿಸಿಲಿನ ಕೋಲುಗಳು ಇಳಿದು ಆ ಹನಿಗಳನ್ನು ಹೊಳೆಯಿಸಿದವು. ಅಲ್ಲಿ ಬಿಸಿಲಿಗೂ ಮಳೆಗೂ ಜಗಳವಿರಲಿಲ್ಲ. ಆ ಸದ್ದನ್ನು ಕೇಳುತ್ತ ಕೇಳುತ್ತ ನಾನು ಕಟ್ಟೆಯ ಮೇಲೆಯೇ ನಿದ್ದೆಹೋದೆ. ಎಚ್ಚರವಾದಾಗ ಮಾವನ ಖಾಕಿ ಅಂಗಿ ನನ್ನ ಮೈಮೇಲಿತ್ತು. ಅದರಿಂದ ಹಸಿ ಬಟ್ಟೆಯ ವಾಸನೆ ಬರುತ್ತಿತ್ತು. ಆ ವಾಸನೆ ಅವರನ್ನು ಕೊನೆಯವರೆಗೂ ಬಿಡಲಿಲ್ಲ.

ಮುಂದೆ ನಾನು ಅದೇ ಊರಿನಲ್ಲಿ ಮೇಷ್ಟರಾಗಿ, ಮಾವನ ಮನೆಯ ಮುಂದಿನ ಕೋಣೆಯಲ್ಲೇ ಉಳಿದುಕೊಂಡೆ. ಕಾರ್ಖಾನೆಯ ಒಳಗುಟ್ಟು ನನಗೆ ತಿಳಿದದ್ದು ಆಗ. ಗುಟ್ಟೆಂದೆ, ಆದರೆ ಊರಿಗೆಲ್ಲ ಗೊತ್ತಿದ್ದ ಸಂಗತಿಯೇ.

ಆ ಕಾರ್ಖಾನೆ ಅಂಚೆಯವರಿಗೆ, ಪೊಲೀಸರಿಗೆ, ನಮ್ಮಂಥ ಮೇಷ್ಟರುಗಳಿಗೆ ಕೊಡೆ ಒದಗಿಸಲು ಹುಟ್ಟಿದ್ದು. ಕೊಡೆಯ ಉದ್ದ, ಬಟ್ಟೆಯ ದಪ್ಪ, ಹಿಡಿಯ ಬಾಗು, ಎಲ್ಲವನ್ನೂ ರಾಜಧಾನಿಯ ಇಲಾಖೆ ಗೊತ್ತುಮಾಡಿತ್ತು. ಮೊದಲ ಅಳತೆ ಕೊಟ್ಟ ಅಧಿಕಾರಿ ಆಜಾನುಬಾಹುವಾಗಿದ್ದಿರಬೇಕು. ಆ ಕೊಡೆ ಹಿಡಿದರೆ ಸಾಧಾರಣ ಆಳಿಗೆ ಗುಡಾರ ಹೊತ್ತಂತಾಗುತ್ತಿತ್ತು. ಬಣ್ಣ ಬದಲಿಸಲು ಅಪ್ಪಣೆ ಬೇಕು. ದಾರ ಬದಲಿಸಲು ಅಪ್ಪಣೆ ಬೇಕು. ಹಜಾರದ ಒಡೆದ ಗಾಜು ಬದಲಿಸಲು ಕೇಳಿದ ಅಪ್ಪಣೆ ಬರುವಷ್ಟರಲ್ಲಿ ಆ ಕಿಟಕಿಯಲ್ಲಿ ಪಾರಿವಾಳಗಳ ಮೂರು ತಲೆಮಾರು ಸಂಸಾರ ಮಾಡಿದ್ದವು.

ಎಲ್ಲಕ್ಕಿಂತ ವಿಚಿತ್ರವಾದದ್ದು ಮುದ್ರೆಯ ನಿಯಮ. ಕಟ್ಟಿ ಮುಗಿದ ಪ್ರತಿಯೊಂದು ಕೊಡೆಯನ್ನೂ ಬಿಚ್ಚಿ, ನೆನೆಸುವ ಕೋಣೆಯಲ್ಲಿ ನಿಲ್ಲಿಸಿ, ಮಳೆಯಲ್ಲಿ ಪರೀಕ್ಷಿಸಬೇಕು. ಇಲಾಖೆಯ ಸಾಹೇಬರು ಬಂದು ಹಿಡಿಯ ಮೇಲೆ ಮುದ್ರೆ ಒತ್ತುವ ತನಕ ಯಾವ ಕೊಡೆಯನ್ನೂ ಮಡಚಕೂಡದು. ಮುದ್ರೆ ಸಾಹೇಬರೋ, ತಿಂಗಳಿಗೊಮ್ಮೆ ಬರಬೇಕಾದವರು, ಒಮ್ಮೊಮ್ಮೆ ಎರಡು ತಿಂಗಳಾದರೂ ಬರುತ್ತಿರಲಿಲ್ಲ. ಅಲ್ಲಿಯವರೆಗೆ ಕೊಡೆಗಳು ಬಿಚ್ಚಿಕೊಂಡೇ ನಿಂತು, ದಿನವೂ ನೆನೆಯುತ್ತಿದ್ದವು. ಸ್ಪ್ರಿಂಗು ಸಡಿಲವಾಗುತ್ತಿತ್ತು. ಕಡ್ಡಿಗಳಿಗೆ ತುಕ್ಕು ಹಿಡಿಯುತ್ತಿತ್ತು. ಚೆನ್ನಾಗಿ ಹುಟ್ಟಿದ ಕೊಡೆ, ಚೆನ್ನಾಗಿದೆಯೇ ಎಂದು ನೋಡುವುದರಲ್ಲೇ ಹಾಳಾಗುತ್ತಿತ್ತು! ಊರಿನ ಯಾವ ಮೂಲೆಯಲ್ಲಿ ಗಾಳಿಗೆ ಕೊಡೆಯೊಂದು ಬಟ್ಟಲಿನಂತೆ ಮಗುಚಿಕೊಂಡರೂ, ನೋಡಿದವರು ಅದರ ಕುಲಗೋತ್ರ ಕೇಳಬೇಕಾಗಿರಲಿಲ್ಲ.

ಇನ್ನೂ ಒಂದು ತಮಾಷೆ. ಹೊರಗೆ ಧೋ ಎಂದು ಮಳೆ ಸುರಿಯುವಾಗಲೂ ಒಳಗೆ ಮಾವ ನಲ್ಲಿ ತಿರುಗಿಸಬೇಕಿತ್ತು. ಕೊಡೆ ಸರಕಾರದ ಸ್ವತ್ತಾದುದರಿಂದ ಕೆಲಸದವರು ಅದನ್ನು ಹಿಡಿದು ಮನೆಗೆ ಹೋಗುವಂತಿರಲಿಲ್ಲ. ಹೀಗಾಗಿ ಮಳೆಗಾಲದ ಸಂಜೆ ಕೊಡೆ ಕಾರ್ಖಾನೆಯಿಂದ ನೂರಾರು ಜನ ತೊಪ್ಪೆಯಾಗಿ ನೆನೆದುಕೊಂಡು ಹೊರಬರುತ್ತಿದ್ದರು.

ಮಾವ ಹಾಗೆ ನೆನೆದು ಬಂದಾಗಲೆಲ್ಲ ಅತ್ತೆ ಬಾಗಿಲಲ್ಲೇ ಟವೆಲು ಹಿಡಿದು ನಿಂತಿರುತ್ತಿದ್ದರು. "ಬಂದರಪ್ಪಾ ಮಳೆರಾಯರು! ರೀ, ಒಳಗೆ ನೀವು ಸುರಿಸಿದ್ದು ಸಾಲದೆ ಹೊರಗಿನದನ್ನೂ ಹೊತ್ತು ತರ್ತೀರಲ್ಲ, ಇದಕ್ಕೂ ಇಲಾಖೆಯವರು ಹೇಳಿದ್ದಾರಾ?"

"ಹೇಳಿದ್ರೆ ಒಣಗಿಸೋಕೂ ಒಬ್ಬರನ್ನ ನೇಮಿಸ್ತಿದ್ರು ಕಣೇ," ಎಂದು ಮಾವ ತಲೆ ಮುಂದೊಡ್ಡುತ್ತಿದ್ದರು.

ಅತ್ತೆ ಸಂತೆಬೀದಿಯಲ್ಲಿ ಕೊಂಡ ಪುಟ್ಟ ಕೊಡೆಯನ್ನೇ ಹಿಡಿಯುತ್ತಿದ್ದರು. ಗಂಡನ ಕಾರ್ಖಾನೆಯ ಕೊಡೆಯನ್ನು ಜನ್ಮದಲ್ಲಿ ಮುಟ್ಟುವುದಿಲ್ಲವೆಂದು ಮದುವೆಯಾದ ಹೊಸದರಲ್ಲೇ ಸಾರಿಬಿಟ್ಟಿದ್ದರು. ತವರಿಗೆ ಹೋಗುವಾಗ ಅಂಚೆಯವರಿಂದ ಎರವಲು ಪಡೆದ ಅಂಥ ಕೊಡೆಯೊಂದು ಗಾಳಿಗೆ ಮಗುಚಿ ಅವರನ್ನು ನಡುರಸ್ತೆಯಲ್ಲಿ ನಗೆಪಾಟಲು ಮಾಡಿತ್ತಂತೆ.

ಇಷ್ಟೆಲ್ಲ ತಿಳಿದೂ ಮಾವ ಆ ಕೋಣೆಯನ್ನು ಪ್ರೀತಿಸಿದ್ದರು. ಇದನ್ನು ನಾನು ಒತ್ತಿ ಹೇಳಬೇಕು. ಅವರು ಸೋಮಾರಿಯಲ್ಲ. ಕೊಳವೆಯ ಒಂದೊಂದು ತೂತನ್ನೂ ಏಣಿ ಹತ್ತಿ ಸೂಜಿಯಿಂದ ಬಿಡಿಸುತ್ತಿದ್ದರು. ಮಧ್ಯಾಹ್ನದ ಹೊತ್ತು ಹೊಲಿಗೆ ವಿಭಾಗದ ಹೆಂಗಸರು ಬುತ್ತಿ ಮುಗಿಸಿ ಆ ಕಟ್ಟೆಯ ಮೇಲೆ ಕೂತು, "ಮಳೆರಾಯಣ್ಣ, ಸ್ವಲ್ಪ ಸುರಿಸಿ, ಕಣ್ಣು ಮುಚ್ಚಿಕೊಳ್ತೀವಿ," ಎಂದು ಕೇಳುತ್ತಿದ್ದರು. ಮಾವ ಅವರಿಗಾಗಿ ತುಂತುರು ಬಿಡುತ್ತಿದ್ದರು. ಸೂಜಿ ಚುಚ್ಚಿ ಒರಟಾದ ಬೆರಳುಗಳು ಮಡಿಲಲ್ಲಿ ಸಡಿಲವಾಗುವುದನ್ನು ನೋಡಿದವರಿಗೆ ಅದು ವ್ಯರ್ಥವೆಂದು ಹೇಳಲು ನಾಲಿಗೆ ಏಳುತ್ತಿರಲಿಲ್ಲ.

ಆದರೆ ಉಗ್ರಾಣದಲ್ಲಿ ಯಾರೂ ಕೇಳದ ಕೊಡೆಗಳು ಸೂರು ಮುಟ್ಟಿದವು. ಅಂಚೆಯವರೂ ಪೊಲೀಸರೂ ತಮಗೆ ಆ ಕೊಡೆ ಬೇಡವೆಂದರು. ಆಗ ರಾಜಧಾನಿಯಿಂದ ಸುದ್ದಿ ಬಂತು: ನಷ್ಟದ ಕಾರ್ಖಾನೆಗಳನ್ನು ಪರಿಶೀಲಿಸಲು ಅಧಿಕಾರಿಯೊಬ್ಬರು ಹೊರಟಿದ್ದಾರೆ, ಹೆಂಗಸು, ಎಲ್ಲಿ ಕಾಲಿಟ್ಟರೂ ಏನಾದರೂ ಕತ್ತರಿಸದೆ ಹೋಗುವುದಿಲ್ಲ. ಬರುವ ಮೊದಲೇ ಅವರಿಗೆ ಕತ್ತರಿಯಮ್ಮ ಎಂದು ಹೆಸರಾಯಿತು.

ಹೊಲಿಗೆ ವಿಭಾಗದ ಮುಖ್ಯಸ್ಥೆಯನ್ನು ಎಲ್ಲರೂ ಹೊಲಿಗೆಯಕ್ಕ ಎನ್ನುತ್ತಿದ್ದರು. ಗಂಡನಿಲ್ಲದೆ ಮೂರು ಮಕ್ಕಳನ್ನು ಸಾಕಿದ ಗಟ್ಟಿ ಹೆಂಗಸು. "ಕತ್ತರಿ ಅಂದ್ರೆ ಯಾಕ್ರೋ ನಡುಗ್ತೀರಿ? ಬಟ್ಟೆ ಕತ್ತರಿಸದೆ ಕೊಡೆ ಆಗುತ್ತಾ?" ಎಂದು ಆಕೆ ಗದರಿದಳಂತೆ. ಆದರೂ ಅಂದು ಆಕೆ ಹಾಕಿದ ಹೊಲಿಗೆ ಮೊದಲ ಬಾರಿಗೆ ಸೊಟ್ಟಗಾಯಿತೆಂದು ಮಾವ ಹೇಳಿದರು.

ಕತ್ತರಿಯಮ್ಮ ಬಂದರು. ಕನ್ನಡಕ, ಹತ್ತಿ ಸೀರೆ, ಕೈಯಲ್ಲಿ ಒಂದು ಮಾಸಿದ ಚೀಲ. ಮೇಲಿನ ಕಚೇರಿಯಲ್ಲಿ ಕೂರದೆ ಪ್ರತಿಯೊಂದು ವಿಭಾಗಕ್ಕೂ ಹೋಗಿ ಸ್ಟೂಲು ಹಾಕಿಕೊಂಡು ಕುಳಿತರು. ಎಲ್ಲರನ್ನೂ ಕೇಳಿದ್ದು ಒಂದೇ ಪ್ರಶ್ನೆ: "ನಾಳೆಯಿಂದ ಈ ಕೆಲಸ ನಿಂತರೆ ಕೊಡೆ ಹಿಡಿಯೋರಿಗೆ ಏನು ತೊಂದರೆ ಆಗುತ್ತೆ?"

ಮ್ಯಾನೇಜರು ಬೆವರು ಒರೆಸಿಕೊಂಡು, "ಅದನ್ನ ಮೇಲಿನವರನ್ನ ಕೇಳಿ ಹೇಳ್ತೇನೆ, ಮೇಡಂ," ಎಂದರು.

"ನಾನೇ ಮೇಲಿಂದ ಬಂದಿರೋದು."

"ಹಾಗಾದ್ರೆ... ನಿಮ್ಮನ್ನೇ ಕೇಳ್ತೇನೆ, ಮೇಡಂ. ಏನು ಹೇಳಲಿ?"

ಪಾಪ, ಒಳ್ಳೆಯ ಮನುಷ್ಯ. ಕೇಳಿ ಕೇಳಿ ಅವರಿಗೆ ತಮ್ಮ ಅಭಿಪ್ರಾಯವೆಂಬುದನ್ನು ಎಲ್ಲಿ ಇಟ್ಟಿದ್ದೇವೆಂಬುದೇ ಮರೆತುಹೋಗಿತ್ತು.

ಕೊನೆಗೆ ಆಕೆ ನೆನೆಸುವ ಕೋಣೆಗೆ ಬಂದರು. ಮಾವ ಅಂಗಿಯ ಗುಂಡಿ ಸರಿಮಾಡಿಕೊಂಡು ನಿಂತರು. ಮಳೆ ಸುರಿಸಿ ಎಂದು ಆಕೆ ಹೇಳಲಾಗಿ ಚಕ್ರ ತಿರುಗಿಸಿದರು. ಆಕೆ ಒಂದು ಕೊಡೆಯನ್ನು ಗೂಟದಿಂದ ಎತ್ತಿ, ಅದರಡಿ ಹೋಗಿ ಸುಮ್ಮನೆ ನಿಂತುಬಿಟ್ಟರು. ಕಿಟಕಿಯ ಬೆಳಕು ಮೆಲ್ಲಗೆ ಒಂದು ಸಾಲಿನಿಂದ ಇನ್ನೊಂದು ಸಾಲಿಗೆ ಜರುಗಿತು.

"ನನ್ನ ಅಜ್ಜಿ ಮನೆ ನೆನಪಾಯ್ತು," ಎಂದರು ಆಕೆ ಕೊನೆಗೆ. "ಎಷ್ಟು ಚೆಂದ ಇದೆ ಇದು! ಯಜಮಾನರೇ, ಇದು ನಿಂತರೆ ಏನಾಗುತ್ತೆ?"

ಆಕೆಯ ಕೈಯಲ್ಲಿದ್ದ ಕೊಡೆಯ ಒಂದು ಕಡ್ಡಿ ಅಷ್ಟರಲ್ಲಿ ಟಕ್ಕೆಂದು ಕೆಳಗೆ ಬಾಗಿ ನೀರು ಅವರ ಭುಜಕ್ಕೇ ಇಳಿಯಿತು. ಆಕೆ ಅದನ್ನು ನೋಡಿದರು, ಮಾವನನ್ನು ನೋಡಿದರು, ಕೊಡೆಯನ್ನು ಮತ್ತೆ ಗೂಟಕ್ಕಿಟ್ಟರು.

ಆಮೇಲೆ ಆಕೆ ವಿಷಯವನ್ನು ಬಿಡಿಸಿ ಹೇಳಿದರು. ಇಲಾಖೆಯ ಮುಂದೆ ಇದ್ದದ್ದು ಎರಡೇ ದಾರಿ. ಒಂದು, ಕಾರ್ಖಾನೆಗೆ ಬೀಗ. ಇನ್ನೊಂದು, ಇಲಾಖೆ ತನ್ನ ಕೈ ಪೂರ್ತಿ ತೆಗೆಯುವುದು: ಅಳತೆಯಿಲ್ಲ, ಅಪ್ಪಣೆಯಿಲ್ಲ, ಮುದ್ರೆಯಿಲ್ಲ, ಜನರಿಗೆ ಬೇಕಾದ ಕೊಡೆ ಮಾಡಿ, ಜನರಿಗೇ ಮಾರಿ, ಕಾರ್ಖಾನೆ ತನ್ನ ಕಾಲ ಮೇಲೆ ತಾನು ನಿಲ್ಲುವುದು. ಆದರೆ ಬೇಡವಾದ ವಿಭಾಗಗಳನ್ನು ಬಿಡಲು ಆಯಾ ವಿಭಾಗದವರೇ ಸಭೆಯಲ್ಲಿ ಒಪ್ಪಬೇಕು. ಒಬ್ಬರು ತಕರಾರು ತೆಗೆದರೂ ಅದು ಮತ್ತೆ ರಾಜಧಾನಿಗೆ ಹೋಗುತ್ತದೆ. ಹೋದದ್ದು ಯಾವಾಗ ತಿರುಗಿ ಬರುತ್ತದೆಂದು ಪಾರಿವಾಳಗಳಿಗೂ ಗೊತ್ತಿತ್ತು. ಅಷ್ಟರಲ್ಲಿ ಬೀಗವೇ ಬೀಳುತ್ತಿತ್ತು.

ಬೇರೆ ವಿಭಾಗಗಳವರೆಲ್ಲ ಸಭೆಯಲ್ಲಿ ಒಪ್ಪುತ್ತೇವೆಂದು ಹೇಗೋ ಹೇಳಿದ್ದರು. ಉಳಿದದ್ದು ಮಾವನ ಕೋಣೆ.

ಅಂದು ಸಂಜೆ ಊಟಕ್ಕೆ ಕೂತಾಗ ಮಾವ ಅನ್ನವನ್ನು ಬೆರಳಿಂದ ಆಚೆಗೀಚೆಗೆ ತಳ್ಳುತ್ತಿದ್ದರು.

"ಊಟ ಮಾಡ್ರೀ. ಅದಕ್ಕೂ ಮುದ್ರೆ ಬೀಳಬೇಕಾ?" ಎಂದರು ಅತ್ತೆ.

"ನನಗೆ ಬೇರೇನು ಬರುತ್ತೆ, ಹೇಳು? ಚಕ್ರ ತಿರುಗಿಸೋದು ಬಿಟ್ಟು ಏನು ಕಲಿತೆ ನಾನು?"

"ನಾಲ್ಕು ಜನರ ಕಣ್ಣಿಗೆ ನಿದ್ದೆ ಬರಿಸೋದು ಕಲಿತಿದ್ದೀರಿ."

"ಹಾಸ್ಯ ಬೇಡ ಕಣೇ. ಆ ಕೋಣೆ ಮುಚ್ಚಿದ್ರೆ ನಾನು ಮಳೆರಾಯ ಅಲ್ಲ, ಯಾರೂ ಅಲ್ಲ."

ಅತ್ತೆ ಅವರ ತಟ್ಟೆಗೆ ಮಜ್ಜಿಗೆ ಹಾಕುತ್ತ, ಈ ಬಾರಿ ದನಿ ತಗ್ಗಿಸಿ ಕೇಳಿದರು: "ಒಂದು ಮಾತು ಕೇಳ್ತೀನಿ, ಬೇಜಾರು ಮಾಡ್ಕೋಬೇಡಿ. ಇಷ್ಟು ವರ್ಷ ಸುರಿಸಿದ್ರಲ್ಲ, ಆ ನೀರೆಲ್ಲ ಎಲ್ಲಿಗೆ ಹೋಯ್ತು? ಒಂದು ಹೂವಾದ್ರೂ ಅರಳಿತಾ ಅದರಿಂದ?"

ಮಾವ ಕೈ ನಿಲ್ಲಿಸಿದರು. ನನ್ನ ಮುಖ ನೋಡಿದರು. ನಿಜವಾಗಿ ಅವರಿಗೆ ಗೊತ್ತಿರಲಿಲ್ಲ. ನೀರು ನೆಲದ ಕಂಡಿಯೊಳಗೆ ಇಳಿಯುವುದನ್ನು ಅವರು ದಿನವೂ ನೋಡಿದ್ದರು. ಅದರಾಚೆ ಯಾವತ್ತೂ ಯೋಚಿಸಿರಲಿಲ್ಲ.

ಬೆಳಗಾದೊಡನೆ, "ಮೇಷ್ಟ್ರೇ, ಸ್ವಲ್ಪ ಬರ್ತೀಯಾ?" ಎಂದು ನನ್ನನ್ನು ಎಬ್ಬಿಸಿದರು. ಇಬ್ಬರೂ ಕಾರ್ಖಾನೆಯ ಹಿಂಗೋಡೆಯ ಗುಂಟ ನಡೆದೆವು. ಇನ್ನೂ ಮಂಜು ಕರಗಿರಲಿಲ್ಲ. ಗೋಡೆಯ ಬುಡದ ಬಿಲದಿಂದ ನೀರು ಹೊರಬಂದು ಹಿಂದಿನ ಓಣಿಯಲ್ಲಿ ಹರಡಿಕೊಂಡಿತ್ತು. ಎಲ್ಲಿಗೂ ಹೋಗುತ್ತಿರಲಿಲ್ಲ, ಸುಮ್ಮನೆ ನಿಂತಿತ್ತು. ಕೊಡೆಗಳ ಕಪ್ಪು ಬಣ್ಣ ಬಿಟ್ಟು ಮಸಿಯಂತಾಗಿತ್ತು. ಆಕಾಶದ ಬೆಳಕು ಅದರಲ್ಲಿ ಬಿದ್ದು, ನೆಲಕ್ಕೊಂದು ಕಿಟಕಿ ತೆರೆದಂತೆ ಕಾಣುತ್ತಿತ್ತು. ಚೆಂದವೇ ಇತ್ತು, ಸುಳ್ಳೇಕೆ ಹೇಳಲಿ.

ಓಣಿಯ ಆ ಕಡೆಯಿಂದ ಹೆಂಗಸೊಬ್ಬಳು ಬಂದಳು. ಸೊಂಟದಲ್ಲಿ ಮಗು, ತಲೆಯ ಮೇಲೆ ಬಟ್ಟೆಗಂಟು. ಯಾರೋ ಇಟ್ಟಿದ್ದ ಇಟ್ಟಿಗೆಗಳ ಮೇಲೆ ಒಂದೊಂದೇ ಹೆಜ್ಜೆಯಿಟ್ಟು, ಸೀರೆ ಎತ್ತಿಹಿಡಿದು ದಾಟಿದಳು. ಇಟ್ಟಿಗೆಗಳು ಸವೆದಿದ್ದವು.

"ಇಲ್ಲಿ ಯಾವಾಗಲೂ ಹೀಗೇನಾ, ತಾಯಿ?" ಎಂದು ಮಾವ ಕೇಳಿದರು.

"ನಾನು ಮದುವೆಯಾಗಿ ಬಂದಾಗಿಂದ ಹೀಗೇ, ಅಣ್ಣ. ಬೇಸಿಗೇಲೂ ನಮ್ಮ ಓಣಿಗೆ ಮಳೆಗಾಲ," ಎಂದು ನಗುತ್ತ ಆಕೆ ಹೊರಟುಹೋದಳು. ಬೈದಿದ್ದರೆ ಮಾವನಿಗೆ ಅಷ್ಟು ನೋವಾಗುತ್ತಿರಲಿಲ್ಲವೆಂದು ತೋರುತ್ತದೆ. ಅವರು ಆ ಇಟ್ಟಿಗೆಗಳನ್ನೇ ನೋಡುತ್ತ ನಿಂತರು.

ಮಧ್ಯಾಹ್ನ ಸಭೆ ಸೇರಿದ್ದು ನೆನೆಸುವ ಕೋಣೆಯಲ್ಲೇ. ಎಲ್ಲರೂ ಹಿಡಿಯುವ ಜಾಗ ಅದೊಂದೇ. ಅಂದು ಶಾಲೆಗೆ ಅರ್ಧ ದಿನ ರಜೆಯಾದುದರಿಂದ ನಾನೂ ಬಾಗಿಲ ಬಳಿ ನಿಂತಿದ್ದೆ. ಕೊಡೆಗಳ ನಡುವೆ ಜನ, ಜನರ ನಡುವೆ ಕೊಡೆಗಳು. ಹೊಲಿಗೆಯಕ್ಕ ಕೈಯಲ್ಲಿದ್ದ ದಾರದುಂಡೆಯನ್ನು ಬಿಚ್ಚುತ್ತಿದ್ದಳು, ಸುತ್ತುತ್ತಿದ್ದಳು. ತಕರಾರು ತೆಗೆಯಲು ಮಾವನಿಗೆ ಹಕ್ಕಿತ್ತು. ತೆಗೆದರೆ ಯಾರೂ ಅವರನ್ನು ಬಯ್ಯುತ್ತಿರಲಿಲ್ಲವೆಂಬುದೂ ನಿಜ.

ಮಾವ ಎದ್ದು ನಿಂತರು.

"ಅಮ್ಮಾ, ಇದು ನಿಂತರೆ ಏನಾಗುತ್ತೆ ಅಂತ ಕೇಳಿದ್ರಿ. ಹಿಂದಿನ ಓಣಿ ಒಣಗುತ್ತೆ. ಕೊಡೆ ಉಳಿಯುತ್ತೆ. ನನಗೆ ಮಾತ್ರ ಸಂಕಟ ಆಗುತ್ತೆ. ಅದು ಕೊಡೆ ಹಿಡಿಯೋರ ತೊಂದರೆ ಅಲ್ಲ." ಸ್ವಲ್ಪ ತಡೆದು, "ಕಟ್ಟಿದ ದಿನವೇ ಮಡಚಿ ಕಳಿಸಿ. ಮುದ್ರೆಗೆ ಕಾಯೋದು ಬೇಡ. ನನ್ನ ನಲ್ಲಿ ಮುಚ್ಚಿ," ಎಂದರು.

ಹೊಲಿಗೆಯಕ್ಕ ಸೆರಗಿನಿಂದ ಮೂಗು ಒರೆಸಿಕೊಂಡು, "ಮಳೆರಾಯಣ್ಣ, ಮುಚ್ಚೋ ಮುಂಚೆ ಒಂದ್ಸಲ ಸುರಿಸಿಬಿಡಿ," ಎಂದಳು. ಮ್ಯಾನೇಜರು ಅಭ್ಯಾಸಬಲದಿಂದ ಕತ್ತರಿಯಮ್ಮನ ಮುಖ ನೋಡಿದರು. "ನನ್ನನ್ನ ಯಾಕೆ ನೋಡ್ತೀರಿ? ಕಾರ್ಖಾನೆ ನಿಮ್ಮದು," ಎಂದು ಆಕೆ ನಕ್ಕರು. ಮ್ಯಾನೇಜರು ಬಾಯಿ ತೆರೆದು, ಮುಚ್ಚಿ, ಕೊನೆಗೆ ಜೀವನದಲ್ಲಿ ಮೊದಲ ಬಾರಿಗೆಂಬಂತೆ, "ಸುರಿಸಿ!" ಎಂದು ಅಪ್ಪಣೆ ಕೊಟ್ಟರು.

ಎಲ್ಲರೂ ಒಂದೊಂದು ಕೊಡೆಯ ಕೆಳಗೆ ನಿಂತರು. ಮಾವ ತುಂತುರಿನಿಂದ ಮೊದಲು ಮಾಡಿ ಜಡಿಮಳೆಗೆ ತಂದರು. ಆ ಹಜಾರ ತುಂಬ ಸದ್ದು. ಮಾತು ಕೇಳಿಸದು, ಮುಖಗಳು ನೀರಿನ ಹಿಂದೆ ಕರಗಿ ಕರಗಿ ಕಾಣುತ್ತಿದ್ದವು. ಯಾವ ಕೊಡೆಯೂ ನೆಟ್ಟಗಿರಲಿಲ್ಲ, ಎಲ್ಲರೂ ನೆನೆದರು. ಕತ್ತರಿಯಮ್ಮನೂ ನೆನೆದರು. ಎಷ್ಟು ಹೊತ್ತಾಯಿತೋ ತಿಳಿಯದು, ಮಾವ ಚಕ್ರವನ್ನು ಮೆಲ್ಲಗೆ ತಿರುಗಿಸಿ ನಿಲ್ಲಿಸಿದರು. ಕೊಳವೆಗಳು ನಿಟ್ಟುಸಿರು ಬಿಟ್ಟವು. ಆಮೇಲೆ ಮುದ್ರೆಯಿಲ್ಲದ ಕೊಡೆಗಳನ್ನು ಜನ ತಾವೇ ಮಡಚತೊಡಗಿದರು. ಒಮ್ಮೆಗೇ ಅಷ್ಟು ಕೊಡೆಗಳು ಮುಚ್ಚಿಕೊಂಡ ಸದ್ದು, ಕೆರೆಯಿಂದ ದೊಡ್ಡದೊಂದು ಹಕ್ಕಿಯ ಹಿಂಡು ಎದ್ದುಹೋದ ಹಾಗೆ. ಹಜಾರ ಬರಿದಾಯಿತು. ಅದರಲ್ಲಿ ಅಷ್ಟೊಂದು ಬೆಳಕಿತ್ತೆಂದು ನಮಗೆ ಗೊತ್ತೇ ಇರಲಿಲ್ಲ.

ಆಮೇಲಿನದೆಲ್ಲ ಸುಸೂತ್ರವಾಯಿತೆಂದು ಹೇಳಲಾರೆ. ಕೆಲವರು ಕೆಲಸ ಬಿಟ್ಟು ಬೇರೆ ಊರಿಗೆ ಹೋದರು. ಒಬ್ಬಿಬ್ಬರು ಮಾವನನ್ನು ಕಂಡರೆ ದಾರಿ ಬದಲಿಸುತ್ತಿದ್ದರು. ಮ್ಯಾನೇಜರು ಬಟ್ಟೆಯ ಬಣ್ಣ ಆರಿಸಲಾರದೆ ಒದ್ದಾಡಿ, ಕೊನೆಗೆ ಹೆಂಡತಿಯ ಸೀರೆಗಳನ್ನು ತಂದು ಹೊಲಿಗೆಯಕ್ಕನ ಮುಂದೆ ಹರಡಿದರು. ನೆನೆಸುವ ಕೋಣೆಗೆ ಹೊಲಿಗೆ ಯಂತ್ರಗಳು ಬಂದವು. ಮಾವನಿಗೆ ಕಾರ್ಖಾನೆಯ ಮುಂಬಾಗಿಲಲ್ಲಿ ಬೀದಿಗೆ ಮುಖಮಾಡಿದ ಪುಟ್ಟ ಮಳಿಗೆ ಕೊಟ್ಟರು: ಕೊಡೆ ಮಾರುವುದು, ಮುರಿದದ್ದನ್ನು ರಿಪೇರಿ ಮಾಡುವುದು.

ಮಾರುವುದು ಅವರಿಗೆ ಒಗ್ಗಲಿಲ್ಲ. ಗಿರಾಕಿ ಬಂದರೆ ಆಕಾಶ ನೋಡಿ, "ಈ ವಾರ ಮಳೆ ಇಲ್ಲ ಸ್ವಾಮಿ, ಮುಂದಿನ ವಾರ ಬನ್ನಿ," ಎನ್ನುತ್ತಿದ್ದರು. ಹೊಲಿಗೆಯಕ್ಕ ಹಣೆ ಚಚ್ಚಿಕೊಳ್ಳುತ್ತಿದ್ದಳು. ಮಳಿಗೆಯ ಮುಂದೆ ಹಳದಿ, ನೀಲಿ, ಕೆಂಪು ಕೊಡೆಗಳು ತೂಗಾಡುತ್ತಿದ್ದರೂ ಮಾವನ ಮುಖ ಒಣಗಿಹೋಗಿತ್ತು. ಮನೆಯಲ್ಲೂ ಮಾತು ಕಡಿಮೆಯಾಯಿತು. ಕೆಲವೊಮ್ಮೆ ಸ್ನಾನದ ಮನೆಯ ನಲ್ಲಿಯನ್ನು ಸಣ್ಣಗೆ ಬಿಟ್ಟು ಅದರ ಸದ್ದು ಕೇಳುತ್ತ ನಿಂತಿರುತ್ತಿದ್ದರು. ಅತ್ತೆ ಅದನ್ನು ಕಂಡರೂ, ಅಚ್ಚರಿಯೆಂದರೆ, ಏನೂ ಅನ್ನಲಿಲ್ಲ.

ಆ ವರ್ಷದ ಮೊದಲ ಮಳೆ ಮಧ್ಯಾಹ್ನ ಬಂತು. ಶಾಲೆ ಬಿಟ್ಟು ಬರುತ್ತಿದ್ದ ನಾನು ಓಡಿಹೋಗಿ ಮಾವನ ಮಳಿಗೆಯ ಸೂರಿನಡಿ ನಿಂತೆ. ಜನ ಮುಗಿಬಿದ್ದು ಕೊಡೆ ಕೇಳುತ್ತಿದ್ದರು. ಮಾವನ ಕೈಗಳು ಗಾಬರಿಯಲ್ಲಿ ಬಿಚ್ಚುತ್ತಿದ್ದವು, ಮಡಚುತ್ತಿದ್ದವು. ಗುಂಪು ಕರಗಿದಾಗ ನೋಡಿದರೆ ಬೀದಿಯ ಆ ತುದಿಯಿಂದ ಅತ್ತೆ ಬರುತ್ತಿದ್ದಾರೆ, ತಲೆಯ ಮೇಲೆ ಬರೀ ಸೆರಗು.

"ನಿನ್ನ ಕೊಡೆ ಎಲ್ಲೇ?" ಎಂದರು ಮಾವ.

"ಮನೇಲಿ ಬಿಟ್ಟು ಬಂದೆ. ಅಂಗಡಿಯವರೇ, ಒಂದು ಕೊಡೆ ಕೊಡಿ. ನೀಲಿ ಬಣ್ಣದ್ದು. ಗಾಳಿಗೆ ಮಗುಚಿಕೊಂಡ್ರೆ ಇಲ್ಲೇ ತಂದು ನಿಮ್ಮ ತಲೆ ಮೇಲೆ ಹಾಕ್ತೀನಿ."

ಮಾವ ನೀಲಿ ಕೊಡೆಯೊಂದನ್ನು ಆರಿಸಿ, ಕಡ್ಡಿಗಳನ್ನು ಒಂದೊಂದಾಗಿ ಮುಟ್ಟಿ ನೋಡಿ ಕೊಟ್ಟರು. ಅತ್ತೆ ಅದನ್ನು ಬಿಚ್ಚಿ ನಡುರಸ್ತೆಗೆ ಹೋಗಿ ನಿಂತರು. ಗಾಳಿ ಜೋರಾಗಿ ಬೀಸಿತು. ಕೊಡೆ ಒಮ್ಮೆ ನಡುಗಿತು, ಮಗುಚಲಿಲ್ಲ. ಅದರ ಮೇಲೆ ಹನಿ ಬೀಳುವ ಸದ್ದು ನಮ್ಮವರೆಗೂ ಕೇಳಿಸುತ್ತಿತ್ತು, ಕಟ್ಟೆಯ ಮೇಲೆ ನನ್ನನ್ನು ಮಲಗಿಸಿದ ಅದೇ ಸದ್ದು.

ಮಳೆ ಜೋರಾಯಿತು. ಅತ್ತೆಯ ಸೀರೆಯ ಅಂಚು ನೆನೆಯತೊಡಗಿದ್ದನ್ನು ಕಂಡು ಮಾವ ಥಟ್ಟನೆ ಎಡಗೈ ಚಾಚಿ, ಗೋಡೆಯ ಕಡೆಗೆ ತಿರುಗಿ, ಅಲ್ಲಿಲ್ಲದ ಚಕ್ರವೊಂದನ್ನು ಗಾಳಿಯಲ್ಲಿ ತಿರುಗಿಸಿದರು. ಆಮೇಲೆ ತಮ್ಮ ಕೈಯನ್ನು ತಾವೇ ನೋಡಿಕೊಂಡರು. ನಾನು ನೋಡಿದೆನೆಂದು ತಿಳಿದು ನಾಚಿ ನಕ್ಕರು.

"ಈ ಮಳೆ ನನ್ನ ಮಾತು ಕೇಳಲ್ಲ ಕಣೋ, ಮೇಷ್ಟ್ರೇ," ಎಂದು, ಮಳಿಗೆಯ ಕೆಂಪು ಕೊಡೆಯೊಂದನ್ನು ಬಿಚ್ಚಿ ಹಿಡಿದು, ಯಾರನ್ನೂ ಕೇಳದೆ ಮಳೆಗಿಳಿದು ಅತ್ತೆಯ ಪಕ್ಕ ಹೋಗಿ ನಿಂತರು.